ಮೊಟ್ಟೆಯೊಡೆದ ಮರಿಗೆ ಮೊದಲ ಗುಟುಕು: ಪುಣೆಯಲ್ಲಿ ಕೋಳಿಮರಿಗಳಿಗೆ ಸುರಕ್ಷಿತ ನೀರು ಕೊಡುವ ಬಗೆ

ವಾಘೋಲಿ, ಲೋಣಿಕಂದ, ಉರುಳಿ ಕಾಂಚನದ ಕಡೆ ಹೋದರೆ ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ನೆಲೆಸಿದ ನಮ್ಮ ಜನ ಬೇಕಾದಷ್ಟು ಸಿಗುತ್ತಾರೆ. ಕಟ್ಟಡ ಕೆಲಸ, ಕಾವಲು ಕೆಲಸ, ತೋಟದ ಕೆಲಸದ ಜೊತೆಗೆ ಮನೆಯ ಹಿಂದೆ ಐವತ್ತು ನೂರು ಮರಿ ಸಾಕುವವರೂ ಇದ್ದಾರೆ. ಕೆಲವರಲ್ಲಿ ಊರಿನ ಜವಾರಿ ಕೋಳಿ, ಕೆಲವರಲ್ಲಿ ಗಿರಿರಾಜ, ಕಾವೇರಿ, ಇನ್ನು ಕೆಲವರಲ್ಲಿ ಕಡಕ್‌ನಾಥ್. ಮೊದಲ ವಾರದಲ್ಲಿ ಮರಿಗಳು ಸತ್ತರೆ ಎಲ್ಲರೂ ಮೇವನ್ನು ಶಂಕಿಸುತ್ತಾರೆ, ಆಮೇಲೆ ಮರಿ ಮಾರಿದವನನ್ನು ಬೈಯುತ್ತಾರೆ. ನೀರಿನ ಕಡೆ ಕಣ್ಣು ಹೋಗುವುದೇ ಇಲ್ಲ. ನಾವು ಕುಡಿಯುವ ನೀರನ್ನೇ ಹಾಕಿದ್ದೇವಲ್ಲ ಎನ್ನುತ್ತಾರೆ.

ನಲ್ಲಿಯಲ್ಲಿ ಆ ನೀರು ಚೊಕ್ಕಟವಾಗಿಯೇ ಇತ್ತು. ಆದರೆ ಅದು ಮರಿಯ ಕೊಕ್ಕಿಗೆ ಸಿಗುವುದು 33 ಡಿಗ್ರಿ ಕಾವಿನ ಪಕ್ಕದಲ್ಲಿ ಅರ್ಧ ದಿನ ನಿಂತ ಮೇಲೆ. ಹೊಟ್ಟು, ಮೇವಿನ ಪುಡಿ, ಹಿಕ್ಕೆ ಬಿದ್ದ ತಟ್ಟೆಯಲ್ಲಿ. ಹಾಗಾಗಿ ನೀರನ್ನು ನಲ್ಲಿಯ ಬಾಯಲ್ಲಿ ಅಳೆಯಬೇಡಿ, ತಟ್ಟೆಯಲ್ಲಿ ಅಳೆಯಿರಿ. ಈ ಬರಹದ ಎಲ್ಲ ಹಂತಗಳೂ ಅಲ್ಲಿಗೇ ಬಂದು ಸೇರುತ್ತವೆ.

ನಿಮ್ಮ ನೀರು ಎಲ್ಲಿಂದ ಬರುತ್ತದೆ

ಮರಿ ತರುವುದಕ್ಕೆ ಒಂದು ವಾರ ಮೊದಲೇ ಇದನ್ನು ತಿಳಿದುಕೊಳ್ಳಬೇಕು. ಪುಣೆ ನಗರಕ್ಕೆ ಮುಖ್ಯವಾಗಿ ಖಡಕ್‌ವಾಸಲಾ ಅಣೆಕಟ್ಟಿನ ಕಡೆಯಿಂದ, ಪಿಂಪ್ರಿ-ಚಿಂಚವಾಡಕ್ಕೆ ಪವನಾ ನದಿಯಿಂದ ನೀರು ಬರುತ್ತದೆ. ಎರಡೂ ಕಡೆ ಪಾಲಿಕೆ ಶುದ್ಧೀಕರಿಸಿ ಕ್ಲೋರಿನ್ ಹಾಕಿಯೇ ಬಿಡುತ್ತದೆ. ತೊಂದರೆ ಶುರುವಾಗುವುದು ನಾವು ತುಂಬಿಟ್ಟುಕೊಂಡ ಮೇಲೆ. ಪಿಂಪ್ರಿ-ಚಿಂಚವಾಡದಲ್ಲಿ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂತು. ಡ್ರಮ್ಮಿನಲ್ಲಿ ಎರಡು ದಿನ ನಿಂತ ನೀರಿನಲ್ಲಿ, ಅದರಲ್ಲೂ ಬಿಸಿಲಿಗೆ ಕಾದ ಡ್ರಮ್ಮಿನಲ್ಲಿ, ಕ್ಲೋರಿನ್ ಬಹುಪಾಲು ಹೋಗಿರುತ್ತದೆ. ಪುಣೆಯಲ್ಲಿ ದುರಸ್ತಿಗೆಂದು, ಹೆಚ್ಚಾಗಿ ಗುರುವಾರ, ನೀರು ನಿಲ್ಲಿಸುತ್ತಾರೆ. ಮತ್ತೆ ಬಂದಾಗ ಮೊದಲು ಸುರಿಯುವ ನೀರು ಕೊಳವೆಯ ಕೆಸರನ್ನೂ ಹೊತ್ತು ತರುತ್ತದೆ. ಅದನ್ನು ಗಿಡಗಳಿಗೆ ಬಿಡಿ, ತಿಳಿಯಾದ ಮೇಲೆ ತುಂಬಿಸಿಕೊಳ್ಳಿ.

ಅಂಚಿನ ಹಳ್ಳಿಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು. ಟ್ಯಾಂಕರಿನವರು ಎಲ್ಲಿ ತುಂಬಿಸಿದರು ಎಂಬುದು ನಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ಟ್ಯಾಂಕರ್ ನೀರನ್ನು ಶುದ್ಧೀಕರಿಸದ ನೀರು ಎಂದೇ ಎಣಿಸಿ ಮುಂದಿನ ಹಂತಗಳನ್ನು ತಪ್ಪದೆ ಮಾಡಿ. ಬೋರ್‌ವೆಲ್ ನೀರು ಇಲ್ಲಿಯ ಕಪ್ಪು ಬಸಾಲ್ಟ್ ಬಂಡೆಯೊಳಗಿಂದ ಬರುವುದರಿಂದ ಸಾಮಾನ್ಯವಾಗಿ ಗಡುಸು. ಪಾತ್ರೆಯ ಅಂಚಿನಲ್ಲಿ ಬಿಳಿ ಪದರು ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಗಡುಸು ನೀರಿನಿಂದ ಮರಿ ಸಾಯುವುದಿಲ್ಲ. ಆದರೆ ಆ ಬಿಳಿ ಪದರಿನ ಒರಟು ಮೈಯಲ್ಲಿ ರೋಗಾಣುಗಳಿಗೆ ಒಳ್ಳೆಯ ಆಸರೆ ಸಿಗುತ್ತದೆ.

ಮುಂಬೈಯಲ್ಲಿರುವವರಿಗೆ ಭಾತಸಾ, ತಾನಸಾ, ವೈತರಣಾ ಕಡೆಯ ಜಲಾಶಯಗಳ ಮೆದು ನೀರು ಸಿಗುತ್ತದೆ. ಅಲ್ಲಿ ಗಮನ ಕೊಡಬೇಕಾದ್ದು ಚಾಳಿನ ತೊಟ್ಟಿಗೆ ಮತ್ತು ಚರಂಡಿಯ ಪಕ್ಕ ಹಾದುಬಂದ ಕೊಳವೆಗೆ. ಗೋವಾದ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ನೀರು ತುಸು ಆಮ್ಲೀಯವಾಗಿರುವುದೂ ಕಬ್ಬಿಣದ ಕೆಂಪು ಕಾಣುವುದೂ ಉಂಟು. ಉಳಿದ ಕ್ರಮ ಎಲ್ಲ ಕಡೆಗೂ ಒಂದೇ.

ಬೋರ್‌ವೆಲ್ ನೀರನ್ನೇ ನಂಬಿರುವವರು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದ ಮೇಲೆ, ಪರೀಕ್ಷೆ ಮಾಡಿಸುವುದು ಮೇಲು. ಮನುಷ್ಯರ ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿಯನ್ನೇ ಮರಿಗಳಿಗೂ ಹಿಡಿಯಿರಿ: ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5, ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ, ನೈಟ್ರೇಟ್ 45 ಮಿಲಿಗ್ರಾಂ ಒಳಗೆ, 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸೊನ್ನೆ. ಲವಣ 1000 ದಾಟಿತೆಂದರೆ ಮರಿಗಳ ಹಿಕ್ಕೆ ನೀರಾಗುವುದನ್ನು ಗಮನಿಸುತ್ತಿರಬೇಕು. ಪ್ರಯೋಗಾಲಯಕ್ಕೆ ಕಳಿಸುವ ಮಾದರಿಯನ್ನು ಅವರೇ ಕೊಟ್ಟ ಕ್ರಿಮಿಶುದ್ಧ ಬಾಟಲಿಯಲ್ಲಿ ಹಿಡಿದು, ಮಂಜುಗಡ್ಡೆಯ ಪಕ್ಕ ಇಟ್ಟು, ಅದೇ ದಿನ ತಲುಪಿಸಿ. ಮನೆಯಲ್ಲೇ ನೋಡುವುದಾದರೆ ಹೈಡ್ರೋಜನ್ ಸಲ್ಫೈಡ್ ಬಾಟಲಿಗಳು ಸಿಗುತ್ತವೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ, ಮಲದ ಅಂಶ ಸೇರಿರುವ ಸಾಧ್ಯತೆ ಇದೆ ಎಂದು ಅರ್ಥ.

ಕ್ಲೋರಿನ್ ಹಾಕುವ ಲೆಕ್ಕ

ಮರಿಗಳ ಸಂಖ್ಯೆ ಕಡಿಮೆ ಇದ್ದರೆ ಮೊದಲ ವಾರ ಕುದಿಸಿ ಆರಿಸಿದ ನೀರು ಸಾಕು. ನೂರು ಮರಿಗೆ ಆ ವಾರ ದಿನಕ್ಕೆ ಮೂರು ನಾಲ್ಕು ಲೀಟರ್ ದಾಟುವುದು ಕಡಿಮೆ. ಗ್ಯಾಸ್ ಖರ್ಚಿಗೆ ಹಿಂದೆಮುಂದೆ ನೋಡುವವರಿಗೆ, ಹೆಚ್ಚು ಮರಿ ಇರುವವರಿಗೆ ಕ್ಲೋರಿನ್ನೇ ದಾರಿ.

ತಟ್ಟೆಯಲ್ಲಿ ಇರಬೇಕಾದ ಕ್ಲೋರಿನ್ ಲೀಟರಿಗೆ 2ರಿಂದ 3 ಮಿಲಿಗ್ರಾಂ. ಅದಕ್ಕಿಂತ ತೀರ ಹೆಚ್ಚಾದರೆ ವಾಸನೆಗೆ ಮರಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ಅದು ಇನ್ನೊಂದು ಅಪಾಯ. ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ 20 ಲೀಟರ್ ನೀರಿಗೆ 1 ಮಿಲಿಲೀಟರ್. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದ ಅಂದಾಜು ಬೇಡ. ಸುವಾಸನೆ ಅಥವಾ ಸೋಪು ಬೆರೆತ ಬಟ್ಟೆ ಬ್ಲೀಚನ್ನು ಕುಡಿಯುವ ನೀರಿಗೆ ಎಂದೂ ಹಾಕಬಾರದು. 1000 ಲೀಟರಿನ ಟ್ಯಾಂಕಿಗೆ, ಶೇಕಡಾ 33ರ ಸತ್ವವಿರುವ ಹೊಸ ಬ್ಲೀಚಿಂಗ್ ಪೌಡರ್ 9 ಗ್ರಾಂ. ಅದನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಅರ್ಧ ಗಂಟೆಯಾದರೂ ಕಾಯಬೇಕು. ಪೌಡರಿನ ಚೀಲ ಬಿಚ್ಚಿಟ್ಟರೆ ಪುಣೆಯ ಮಳೆಗಾಲದ ಥಂಡಿಗೆ ಸತ್ವವೆಲ್ಲ ಹಾರಿಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ನೀರು ಕದಡಿದ್ದರೆ ಕ್ಲೋರಿನ್ ಆ ಕೆಸರನ್ನು ಸುಡುವುದರಲ್ಲೇ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ನಿತ್ಯದ ಪಾಡು. ಮೊದಲು ಪಟಿಕ ಆಡಿಸಿ (ಇಲ್ಲಿಯ ಅಂಗಡಿಗಳಲ್ಲಿ ತುರಟಿ ಎಂದು ಕೇಳಿ), ಕೆಲವು ಗಂಟೆ ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಹಾಕಿ. ಬೋರ್‌ವೆಲ್ ನೀರಿನ ಪಿಎಚ್ 8ರ ಮೇಲಿದ್ದರೂ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ, ಅಂಥ ಕಡೆ ಕಾಯುವ ಸಮಯವನ್ನು ಒಂದು ಗಂಟೆಗೆ ಏರಿಸಿ. ಹಳದಿ ಬಣ್ಣ ತೋರಿಸುವ ಕ್ಲೋರಿನ್ ಪರೀಕ್ಷೆಯ ಚಿಕ್ಕ ಕಿಟ್ ಒಂದನ್ನು ಕೊಂಡುಕೊಳ್ಳಿ. ಟ್ಯಾಂಕಿನ ನೀರಿಗಿಂತ ಮುಖ್ಯವಾಗಿ, ಡ್ರಿಂಕರಿನಲ್ಲಿ (ಮರಿಗಳಿಗೆ ನೀರಿಡುವ ಪಾತ್ರೆಯಲ್ಲಿ) ಎರಡು ಗಂಟೆ ನಿಂತ ನೀರನ್ನು ಪರೀಕ್ಷಿಸಿ. ಬಣ್ಣ ಬರಲೇ ಇಲ್ಲವೆಂದರೆ ಆ ತಟ್ಟೆಯಲ್ಲಿ ಮರಿಗಳಿಗೆ ಯಾವ ರಕ್ಷಣೆಯೂ ಉಳಿದಿಲ್ಲ.

ಮನೆಯ ಆರ್‌ಒ ಯಂತ್ರದ ನೀರು ಕೊಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕೊಡಬಹುದು. ಆದರೆ ಆ ಯಂತ್ರ ಕ್ಲೋರಿನ್ನನ್ನೂ ತೆಗೆದುಬಿಟ್ಟಿರುತ್ತದೆ. ಹಾಗಾಗಿ ತಟ್ಟೆಯಲ್ಲಿ ಅದು ಬೇಗ ಕೆಡುತ್ತದೆ, ಹೆಚ್ಚು ಸಲ ಬದಲಿಸಬೇಕು. ಅಷ್ಟು ಖರ್ಚಿನ ಅಗತ್ಯವಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಮರಿ ಬರುವ ಮುನ್ನ

ಐವತ್ತು ಮರಿಗೆ ಒಂದು ಪ್ಲಾಸ್ಟಿಕ್ ಚಿಕ್ ಡ್ರಿಂಕರ್ ಬೇಕು. ನೂರಕ್ಕೆ ಎರಡರ ಬದಲು ಮೂರು ಇಟ್ಟರೆ ಮೆತ್ತನೆಯ ಮರಿಗೂ ಜಾಗ ಸಿಗುತ್ತದೆ. ಅಷ್ಟೇ ಸಂಖ್ಯೆಯ ಇನ್ನೊಂದು ಜೊತೆ ಕೊಂಡಿಡಿ: ಒಂದು ಜೊತೆ ಕೆಲಸದಲ್ಲಿರುವಾಗ ಇನ್ನೊಂದು ಬಿಸಿಲಿನಲ್ಲಿ ಒಣಗುತ್ತಿರಬೇಕು. ನೀರಿನ ಆಳ ಒಂದು ಸೆಂಟಿಮೀಟರ್ ಮೀರಬಾರದು. ಒಂದು ದಿನದ ಮರಿ ತಟ್ಟೆಯೊಳಗೆ ಜಾರಿ ಬಿದ್ದರೆ ಮುಳುಗದಿದ್ದರೂ ಒದ್ದೆಯಾಗಿ ಚಳಿಗೆ ಸಾಯುತ್ತದೆ. ಅಗಲ ತಟ್ಟೆಯಾದರೆ ತೊಳೆದ ಗಾಜಿನ ಗೋಲಿಗಳನ್ನು ಅಥವಾ ಕುದಿಸಿದ ನುಣುಪು ಕಲ್ಲುಗಳನ್ನು ಅದರಲ್ಲಿ ತುಂಬಿ, ನಡುನಡುವೆ ಕೊಕ್ಕು ಇಳಿಯುವಷ್ಟು ಮಾತ್ರ ನೀರು ಕಾಣಲಿ. ಹೊಳೆಯುವುದನ್ನು ಕುಕ್ಕುವುದು ಮರಿಯ ಸ್ವಭಾವ, ಗೋಲಿಯ ಹೊಳಪೇ ಅದನ್ನು ನೀರಿಗೆ ಕರೆಯುತ್ತದೆ.

ಕಾವಿನ ಕೋಣೆ ಮೊದಲ ವಾರ 32ರಿಂದ 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬನ್ನಿ. ಡ್ರಿಂಕರನ್ನು ಬಲ್ಬಿನ ನೇರ ಕೆಳಗೆ ಇಡಬೇಡಿ, ತೀರ ಚಳಿಯ ಮೂಲೆಯಲ್ಲೂ ಬೇಡ. ಬೆಳಕಿನ ವೃತ್ತದ ಅಂಚು ಸರಿಯಾದ ಜಾಗ. ಯಾವ ಮರಿಯೂ ನೀರಿಗಾಗಿ ಒಂದು ಮೀಟರಿಗಿಂತ ದೂರ ನಡೆಯುವಂತೆ ಆಗಬಾರದು. ನೆಲಕ್ಕೆ ಭತ್ತದ ಹೊಟ್ಟು ಹರಡಿದ ಮೇಲೆ, ಡ್ರಿಂಕರನ್ನು ಬೆರಳು ದಪ್ಪದ ಹಲಗೆಯ ಮೇಲೆ ಇಟ್ಟರೆ ಹೊಟ್ಟು ಒಳಗೆ ಬೀಳುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮರಿ ಬರುವ ಮೂರು ನಾಲ್ಕು ಗಂಟೆ ಮೊದಲೇ ನೀರು ತುಂಬಿ ಒಳಗಿಡಿ. ಆಗ ನೀರೂ ಕೋಣೆಯ ಬೆಚ್ಚಗನ್ನು ಹೀರಿ 25-30 ಡಿಗ್ರಿಗೆ ಬರುತ್ತದೆ. ಡಿಸೆಂಬರ್-ಜನವರಿಯಲ್ಲಿ ಪುಣೆಯ ರಾತ್ರಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಳಗಿನ ಜಾವ ಟ್ಯಾಂಕಿನಿಂದ ಹಿಡಿದ ತಣ್ಣೀರು ಕುಡಿದ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾಗುತ್ತವೆ, ಮೇವಿನತ್ತ ಹೋಗುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧ: ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ, ಮರಿಗಳು ಮುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆಯೇ ನೀರು ಹಿಡಿದು ಒಳಗೆ ನೆರಳಿನಲ್ಲಿಡಿ. ಆ ಟ್ಯಾಂಕಿಗೆ ಮುಚ್ಚಳ ಇದೆಯೇ ಎಂದು ಒಮ್ಮೆ ಮೇಲೆ ಹತ್ತಿ ನೋಡಿ. ನಗರದಲ್ಲಿ ಪಾರಿವಾಳಗಳಿಗೆ ಕೊರತೆಯಿಲ್ಲ, ಅವುಗಳ ಹಿಕ್ಕೆಯ ಜೊತೆ ಸಾಲ್ಮೊನೆಲ್ಲಾದಂಥ ರೋಗಾಣುಗಳು ನೀರಿಗಿಳಿಯಬಹುದು.

ಮೊದಲ ದಿನ

ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯಲ್ಲಿ ಭಂಡಾರದ (ಮೊಟ್ಟೆಯ ಹಳದಿ ಭಾಗದ) ಉಳಿಕೆ ಇರುತ್ತದೆ. ಅದರ ಬಲದಲ್ಲಿ ಎರಡು ಮೂರು ದಿನ ನೀರು-ಮೇವು ಇಲ್ಲದೆ ಬದುಕಬಲ್ಲದು. ಹ್ಯಾಚರಿಗಳು ಮರಿಗಳನ್ನು ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಬದುಕುವುದು ಬೇರೆ, ಚೆನ್ನಾಗಿ ಬೆಳೆಯುವುದು ಬೇರೆ. ನೀರು ತಡವಾದಷ್ಟೂ ಮರಿ ಸೊರಗುತ್ತದೆ. ಊರಿನಿಂದ ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ತಂದ ಮರಿಗಳ ಕಾಲನ್ನು ಬೆಳಕಿಗೆ ಹಿಡಿದು ನೋಡಿ. ಕಾಲಿನ ಚರ್ಮ ಒಣಗಿ ಸುಕ್ಕಾಗಿ, ನರ ಎದ್ದು ಕಾಣುತ್ತಿದ್ದರೆ ಅದು ನೀರಡಿಕೆಯ ಗುರುತು. ಪೆಟ್ಟಿಗೆಯೊಳಗೆ ನೀರಿನ ಬಟ್ಟಲನ್ನು ಇಡಲೇಬೇಡಿ, ದಾರಿಯ ಕುಲುಕಾಟಕ್ಕೆ ಚೆಲ್ಲಿ ಎಲ್ಲವೂ ಒದ್ದೆಯಾಗುತ್ತವೆ.

ಮನೆಯಲ್ಲೇ ಮರಿ ಮಾಡಿಸುವವರು ಮೈ ಪೂರ್ತಿ ಒಣಗಿ ಪುಕ್ಕ ಬಿಚ್ಚಿಕೊಂಡ ಮೇಲೆ ಮರಿಗಳನ್ನು ಕಾವಿನ ಕೋಣೆಗೆ ತನ್ನಿ. ತಾಯಿಕೋಳಿಯ ಜೊತೆಗಿದ್ದರೆ ಕುಡಿಯುವುದನ್ನು ತಾಯಿಯೇ ಕಲಿಸುತ್ತದೆ. ನಿಮ್ಮ ಕೆಲಸ ಅದು ಕೆರೆದು ಮಣ್ಣು ತುಂಬಿದ ತಟ್ಟೆಯನ್ನು ಮತ್ತೆ ಮತ್ತೆ ತೊಳೆಯುವುದು.

ತಾಯಿಯಿಲ್ಲದ ಮರಿಗೆ ನಾವೇ ಕಲಿಸಬೇಕು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ಮುಟ್ಟಿಸಿ. ಮೂಗಿನ ಹೊಳ್ಳೆಗಳು ಕೊಕ್ಕಿನ ಬುಡದಲ್ಲೇ ಇರುವುದರಿಂದ ಪೂರ್ತಿ ಅದ್ದಬಾರದು. ಮುಟ್ಟಿಸಿದೊಡನೆ ಒಂದು ಕ್ಷಣ ಸುಮ್ಮನಿರುತ್ತದೆ, ಆಮೇಲೆ ಕೊಕ್ಕನ್ನು ಮೆಲ್ಲಗೆ ಆಡಿಸಿ ತಲೆಯನ್ನು ಮೇಲಕ್ಕೆತ್ತುತ್ತದೆ. ನೀರನ್ನು ಹೀರಿ ನುಂಗಲು ಕೋಳಿಗೆ ಬರುವುದಿಲ್ಲ, ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳಬೇಕು. ಗಂಟಲು ಅಲುಗಿದ್ದನ್ನು ಕಂಡ ಮೇಲೆ ಡ್ರಿಂಕರಿನ ಪಕ್ಕ ಬಿಡಿ. ನೂರು ಮರಿಗಳಿದ್ದರೂ ಪ್ರತಿಯೊಂದಕ್ಕೂ ಇಷ್ಟು ಮಾಡುವುದು ಒಳ್ಳೆಯದು. ಸಮಯ ಸಾಲದಿದ್ದರೆ ಹತ್ತರಲ್ಲಿ ಮೂರು ನಾಲ್ಕಕ್ಕಾದರೂ ಕಲಿಸಿ, ಉಳಿದವು ನೋಡಿ ಕಲಿಯುತ್ತವೆ.

ಮೊದಲು ನೀರು, ಒಂದೆರಡು ಗಂಟೆಯ ನಂತರ ಮೇವು. ದೂರದಿಂದ ಬಂದ ಮರಿಗೆ ಮೊದಲ ಆರರಿಂದ ಹನ್ನೆರಡು ಗಂಟೆ ಬೆಲ್ಲದ ನೀರು ಕೊಡುವುದು ನಮ್ಮ ಕಡೆಯ ರೂಢಿ, ಅದು ಸರಿಯೂ ಹೌದು. ಲೀಟರಿಗೆ 50ರಿಂದ 80 ಗ್ರಾಂ ಬೆಲ್ಲ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಬೆಲ್ಲ ಕ್ಲೋರಿನ್ನನ್ನು ತಿಂದುಹಾಕುವುದರಿಂದ ಇಲ್ಲಿ ಕುದಿಸಿದ ನೀರೇ ಆಗಬೇಕು. ಎರಡನೆಯ ದಿನಕ್ಕೂ ಅದನ್ನೇ ಮುಂದುವರಿಸುವವರಿದ್ದಾರೆ, ದಯವಿಟ್ಟು ಬೇಡ. ಕಾವಿನಲ್ಲಿ ಬೆಲ್ಲದ ನೀರು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ಹಿಕ್ಕೆ ಅಂಟಂಟಾಗಿ ಮಲದ್ವಾರಕ್ಕೆ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಂಡಿದ್ದರೆ ಕೀಳಬೇಡಿ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಒರೆಸಿ, ಒಣಗಿಸಿ ಬಿಡಿ. ವಿಟಮಿನ್, ಎಲೆಕ್ಟ್ರೋಲೈಟ್ ಪುಡಿಗಳಿಗೂ ಇದೇ ಮಾತು: ಕಲಸಿದ್ದನ್ನು ಅರ್ಧ ದಿನಕ್ಕಿಂತ ಹೆಚ್ಚು ಇಡಬೇಡಿ. ರೋಗವೇ ಇಲ್ಲದೆ ಮುಂಜಾಗ್ರತೆಗೆಂದು ಆಂಟಿಬಯೋಟಿಕ್ ಪುಡಿ ಹಾಕುವುದು ತಪ್ಪು, ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ.

ಆ ರಾತ್ರಿ ಒಂದು ಪರೀಕ್ಷೆ ಇದೆ. ನೀರು-ಮೇವು ಇಟ್ಟು ಎಂಟು ಹತ್ತು ಗಂಟೆಯಾದ ಮೇಲೆ ಅಲ್ಲಲ್ಲಿಂದ ಇಪ್ಪತ್ತು ಮರಿಗಳನ್ನು ಎತ್ತಿ, ಕೊರಳ ಬುಡದಲ್ಲಿರುವ ಮೇವಿನ ಚೀಲವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಗುರವಾಗಿ ಮುಟ್ಟಿ. ತುಂಬಿದ್ದು ಮೆತ್ತಗಿದ್ದರೆ ಮರಿ ತಿಂದೂ ಇದೆ, ಕುಡಿದೂ ಇದೆ. ಒಳಗೆ ಗಟ್ಟಿ ಕಾಳು ಕೈಗೆ ಸಿಕ್ಕಿದರೆ ತಿಂದಿದೆ, ನೀರು ಸಿಕ್ಕಿಲ್ಲ. ಖಾಲಿ ಚರ್ಮ ಮಾತ್ರ ಸಿಕ್ಕಿದರೆ ಎರಡೂ ಇಲ್ಲ. ಇಪ್ಪತ್ತರಲ್ಲಿ ಹದಿನಾರಕ್ಕಾದರೂ ಮೆತ್ತನೆಯ ತುಂಬಿದ ಚೀಲ ಇರಬೇಕು, ಮರುದಿನಕ್ಕೆ ಬಹುತೇಕ ಎಲ್ಲಕ್ಕೂ. ಇಲ್ಲದಿದ್ದರೆ ಡ್ರಿಂಕರಿನ ಜಾಗ, ಬೆಳಕು, ನೀರಿನ ಬಿಸಿ ಈ ಮೂರನ್ನೂ ಆ ರಾತ್ರಿಯೇ ಸರಿಪಡಿಸಿ. ಬೆಳಗಾಗುವವರೆಗೆ ಕಾಯಬೇಡಿ.

ದಿನನಿತ್ಯದ ತೊಳೆತ

ಮರಿ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇಲ್ಲಿಯೇ ತೀರ್ಮಾನವಾಗುತ್ತದೆ. ಬೆಳಿಗ್ಗೆ ಡ್ರಿಂಕರ್ ಖಾಲಿ ಮಾಡಿ, ಅಂಚಿನ ಒಳಮಗ್ಗುಲಿಗೆ ಬೆರಳು ಆಡಿಸಿ. ಬೆರಳು ಕಿರ್ ಎಂದರೆ ಸ್ವಚ್ಛ. ಜಾರಿದರೆ ಅಲ್ಲಿ ಲೋಳೆ ಕಟ್ಟಿದೆ. ಕಣ್ಣಿಗೆ ಕಾಣದ ಆ ತೆಳು ಲೋಳೆಯೊಳಗೆ ರೋಗಾಣುಗಳು ಕ್ಲೋರಿನ್ನಿಗೂ ಸುಲಭವಾಗಿ ಸಿಗದಂತೆ ಕೂತಿರುತ್ತವೆ. ನೀರು ಮಾತ್ರ ಬದಲಿಸುತ್ತ ಹೋದರೆ ಏನೂ ಪ್ರಯೋಜನವಿಲ್ಲ, ಹೊಸ ನೀರು ಹಳೆಯ ಲೋಳೆಯ ಮೇಲೆಯೇ ನಿಲ್ಲುತ್ತದೆ.

ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ಸಲ, ನೀರು ಚೆಲ್ಲಿ ತೊಳೆಯಿರಿ. ಸೋಪಿನ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಜಾಲಾಡಿ, ಶೇಕಡಾ 5ರ ಹೈಪೋಕ್ಲೋರೈಟ್ 10 ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಬೆರೆಸಿ ಅದರಲ್ಲಿ ಹತ್ತು ನಿಮಿಷ ಮುಳುಗಿಸಿ. ಮತ್ತೆ ಜಾಲಾಡಿ ಬಿಸಿಲಿಗೆ ಬೋರಲು ಹಾಕಿ. ಬೋರ್‌ವೆಲ್ ನೀರಿನ ಬಿಳಿ ಪದರು ಕಟ್ಟಿದ್ದರೆ ವಾರಕ್ಕೊಮ್ಮೆ ವಿನೆಗರ್ ಅಥವಾ ನಿಂಬೆಹಣ್ಣಿನ ರಸದಲ್ಲಿ ನೆನೆಸಿ ಉಜ್ಜಿ ತೆಗೆಯಿರಿ. ಹುಳಿ ಮತ್ತು ಬ್ಲೀಚ್ ಎಂದೂ ಒಂದೇ ಪಾತ್ರೆಯಲ್ಲಿ ಸೇರಬಾರದು, ವಿಷಾನಿಲ ಏಳುತ್ತದೆ.

ಈ ತೊಳೆಯುವ ಕೆಲಸ ಅಡುಗೆಮನೆಯ ಸಿಂಕಿನಲ್ಲಿ ಬೇಡ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ನರಗಳನ್ನು ಬಾಧಿಸುವ ಗಿಲಾನ್-ಬಾರೆ ಸಿಂಡ್ರೋಮ್ ಪ್ರಕರಣಗಳು ಹೆಚ್ಚಿದಾಗ ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು, ಕಲುಷಿತ ನೀರಿನ ಮೇಲೆ ಶಂಕೆ ಹೋಗಿತ್ತು. ಇದೇ ಬ್ಯಾಕ್ಟೀರಿಯಾ ಕೋಳಿಗಳ ಕರುಳಿನಲ್ಲಿ ಯಾವ ರೋಗಲಕ್ಷಣವನ್ನೂ ತೋರಿಸದೆ ಇರಬಲ್ಲದು. ಮರಿಗಳ ಬಕೆಟ್, ಬ್ರಷ್, ಲೋಟ ಬೇರೆಯೇ ಇರಲಿ. ಮರಿ ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯದೆ ತಿಂಡಿಗೆ ಕೈ ಹಾಕಬಾರದು.

ಡ್ರಿಂಕರಿನ ಸುತ್ತ ಹೊಟ್ಟು ಒದ್ದೆಯಾಗಿದ್ದರೆ ಅದೇ ದಿನ ತೆಗೆದು ಒಣ ಹೊಟ್ಟು ಹಾಕಿ. ರಕ್ತಭೇದಿ ತರುವ ಕಾಕ್ಸಿಡಿಯಾದ ತತ್ತಿಗಳು ಒದ್ದೆ ಹೊಟ್ಟಿನಲ್ಲೇ ಬಲಿಯುವುದು, ಕ್ಲೋರಿನ್ ಅವುಗಳನ್ನು ಕೊಲ್ಲುವುದಿಲ್ಲ. ಒಣ ನೆಲವೇ ಮುಖ್ಯ ತಡೆ. ನಾಲ್ಕನೆಯ ದಿನದಿಂದ ಹಲಗೆ ಅಥವಾ ಇಟ್ಟಿಗೆಯಿಂದ ಡ್ರಿಂಕರನ್ನು ಎತ್ತರಿಸುತ್ತ, ಅಂಚು ಮರಿಯ ಬೆನ್ನಿನ ಮಟ್ಟದಲ್ಲಿ ಇರುವಂತೆ ನೋಡಿಕೊಂಡರೆ ಚೆಲ್ಲುವುದೂ ಕಡಿಮೆ, ಹಿಕ್ಕೆ ಬೀಳುವುದೂ ಕಡಿಮೆ.

ಎಷ್ಟು ಕುಡಿದವು ಎಂಬುದನ್ನು ದಿನವೂ ಬರೆದಿಡಿ. ಬ್ರಾಯ್ಲರ್ ಮರಿಯಾದರೆ ವಯಸ್ಸಿನ ದಿನಗಳನ್ನು 5ರಿಂದ ಗುಣಿಸಿದಷ್ಟು ಮಿಲಿಲೀಟರ್ ಒಂದು ಅಂದಾಜು: ಏಳನೆಯ ದಿನ ಒಂದು ಮರಿಗೆ ಸುಮಾರು 35. ಜವಾರಿ ಮರಿ ಇದಕ್ಕಿಂತ ಕಡಿಮೆ ಕುಡಿಯುತ್ತದೆ. ಅಂಕಿ ಹೆಚ್ಚೋ ಕಡಿಮೆಯೋ ಎನ್ನುವುದಕ್ಕಿಂತ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಮುಖ್ಯ. ಸೆಕೆ ಹೆಚ್ಚದೆಯೇ ನೀರಿನ ಖರ್ಚು ಏರಿದರೆ ಡ್ರಿಂಕರ್ ಸೋರುತ್ತಿದೆಯೇ, ಮೇವಿನಲ್ಲಿ ಉಪ್ಪು ಹೆಚ್ಚಾಗಿದೆಯೇ ನೋಡಿ. ಇದ್ದಕ್ಕಿದ್ದಂತೆ ಇಳಿದರೆ ರೋಗದ ಮುನ್ಸೂಚನೆ ಇರಬಹುದು, ಮೇವು ಬಿಡುವ ಮೊದಲೇ ಮರಿ ನೀರು ಬಿಡುವುದುಂಟು. ಅಂಥ ದಿನ ಸತ್ತ ಮರಿ ಸಿಕ್ಕರೆ ಎಸೆಯದೆ, ಚೀಲದಲ್ಲಿ ಕಟ್ಟಿ ತಂಪಾಗಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಕೊಯ್ದಾಗ ಮೂತ್ರಪಿಂಡ, ಹೃದಯದ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಕಂಡರೆ, ಅದಕ್ಕೆ ನೀರಿನ ಕೊರತೆಯೂ ಒಂದು ಕಾರಣ ಇರಬಹುದೆಂದು ಅವರು ಹೇಳುತ್ತಾರೆ.

ಲಸಿಕೆಯ ದಿನಗಳು

ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಲಸಿಕೆಯನ್ನು ಐದರಿಂದ ಏಳನೆಯ ದಿನ ಕಣ್ಣಿಗೋ ಮೂಗಿಗೋ ಹನಿಯಾಗಿ ಹಾಕುತ್ತಾರೆ, ಅದಕ್ಕೆ ನೀರಿನ ಗೊಡವೆಯಿಲ್ಲ. ಎರಡನೆಯ ವಾರದ ಗಂಬೋರೊ (ಮರಿಗಳ ರೋಗನಿರೋಧಕ ಶಕ್ತಿ ಕುಂದಿಸುವ ರೋಗ) ಲಸಿಕೆಯನ್ನು, ನಾಲ್ಕನೆಯ ವಾರದ ಹೊತ್ತಿನ ಲಸೋಟಾ ಮರುಲಸಿಕೆಯನ್ನು ಸಾಮಾನ್ಯವಾಗಿ ಕುಡಿಯುವ ನೀರಿನಲ್ಲಿಯೇ ಕೊಡುವುದು. ಇವು ಜೀವಂತ ವೈರಾಣುವಿನ ಲಸಿಕೆಗಳು. ಇಷ್ಟು ದಿನ ಮರಿಯನ್ನು ಕಾಪಾಡಿದ ಕ್ಲೋರಿನ್ನೇ ಇಲ್ಲಿ ಲಸಿಕೆಯನ್ನು ಕೊಂದುಬಿಡುತ್ತದೆ. ಆದ್ದರಿಂದ ಲಸಿಕೆಗೆ ಎರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ, ಕುದಿಸಿ ಆರಿಸಿದ ನೀರಿಗೆ ಬದಲಾಗಿ. ಡ್ರಿಂಕರುಗಳನ್ನು ಬ್ಲೀಚ್ ಇಲ್ಲದೆ, ಸೋಪಿಲ್ಲದೆ, ಬರೀ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ.

ಆ ದಿನ ಬೆಳಿಗ್ಗೆ ತಂಪಿನ ಹೊತ್ತಿನಲ್ಲಿ ಒಂದೆರಡು ಗಂಟೆ ನೀರು ತೆಗೆದಿಡಿ. ಕೊಡುವ ನೀರಿಗೆ ಲೀಟರಿಗೆ ಎರಡು ಮೂರು ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ ಅರ್ಧ ಗಂಟೆ ಬಿಟ್ಟು, ಆಮೇಲೆ ಲಸಿಕೆ ಕರಗಿಸಿ. ಎರಡು ವಾರದ ನೂರು ಮರಿಗೆ ಒಂದರಿಂದ ಒಂದೂವರೆ ಲೀಟರ್ ಸಾಕು, ಎರಡು ಗಂಟೆಯೊಳಗೆ ಮುಗಿಯುವಷ್ಟೇ ಇರಬೇಕು. ಲಸಿಕೆಯ ಬಾಟಲಿ ಅಂಗಡಿಯಿಂದ ಮನೆಯವರೆಗೂ ಮಂಜುಗಡ್ಡೆಯಲ್ಲೇ ಬರಬೇಕು, ತೆರೆದ ಮೇಲೆ ಉಳಿದದ್ದನ್ನು ಎತ್ತಿಡಬಾರದು. ಎಲ್ಲ ಮರಿಗಳೂ ಕುಡಿದವೇ ಎಂದು ಪಕ್ಕದಲ್ಲೇ ನಿಂತು ನೋಡಿ. ಹಿಂದೆ ಉಳಿದವನ್ನು ಎತ್ತಿ ತಟ್ಟೆಯ ಮುಂದೆ ಬಿಡಿ. ಮರುದಿನ ಕಳೆದ ಮೇಲೆ ಕ್ಲೋರಿನ್ ಮತ್ತೆ ಶುರು ಮಾಡಬಹುದು. ದಿನಗಳ ವೇಳಾಪಟ್ಟಿಯನ್ನು ನಿಮ್ಮ ತಳಿಗೆ, ಸುತ್ತಲಿನ ರೋಗಸ್ಥಿತಿಗೆ ತಕ್ಕಂತೆ ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ಊರಿಗೆ ಹೋಗುವ ಕೆಲಸವಿದ್ದರೆ ಮರಿಗಳಿಗೆ ಮೂರು ವಾರ ತುಂಬುವವರೆಗೆ ಮುಂದೂಡಿ. ಹೋಗಲೇಬೇಕಾದರೆ ಪಕ್ಕದ ಮನೆಯವರಿಗೆ ಒಂದು ದಿನ ಮೊದಲು ನಿಮ್ಮೆದುರೇ ಡ್ರಿಂಕರ್ ತೊಳೆಸಿ, ಬೆರಳಿನ ಪರೀಕ್ಷೆ ತೋರಿಸಿ, ಬೆಳಿಗ್ಗೆ ಮತ್ತು ಸಂಜೆಯ ನೀರಿನ ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಹೋಗಿ.